ಪುಟ್ಟಿ ಕ್ಯಾಂಪಿಗೆ ಹೊರಟಿದ್ದಾಳೆ, ಫೋನಿಲ್ಲ ಅಂತ ಹೆದರಬೇಡ

ಎಲ್ಲರಿಗೂ ನಮಸ್ಕಾರ. ಟೈಪ್ ಮಾಡೋಕೆ ಆಗಲ್ಲ ಇಷ್ಟೊಂದು, ಅದಕ್ಕೇ ಮಾತಾಡಿ ಕಳಿಸ್ತಿದೀನಿ. ಉದ್ದ ಆಗುತ್ತೆ, ಪುರುಸೊತ್ತಾದಾಗ ಕೇಳಿ.

ತಂಗಿ, ನೀನು ನಿನ್ನೆ ಗ್ರೂಪಲ್ಲಿ ಹಾಕಿದ್ದು ಓದ್ದೆ. ಮಗಳು ಪುಟ್ಟೀನ ಜುಲೈನಲ್ಲಿ ಪೆನ್ಸಿಲ್ವೇನಿಯಾದ ಪೋಕೊನೋಸ್ ಬೆಟ್ಟಗಳ ಕಡೆ ಎರಡು ವಾರದ ಬೇಸಿಗೆ ಕ್ಯಾಂಪಿಗೆ ಸೇರಿಸಿದೀಯ. ಮಕ್ಕಳು ಫೋನ್ ತರೋ ಹಾಗಿಲ್ಲ, ನಾವೂ ಅವರಿಗೆ ಫೋನ್ ಮಾಡೋ ಹಾಗಿಲ್ಲ ಅನ್ನೋ ರೂಲ್ ನೋಡಿ ನಿಂಗೆ ಕೈಕಾಲೇ ಆಡ್ತಿಲ್ಲ. "ಅಲ್ಲಿ ಹಿಡಿಸ್ಲಿಲ್ಲ ಅಂದ್ರೆ ಬಂದು ಕರ್ಕೊಂಡು ಬರ್ತೀನಿ ಅಂತ ಅವಳಿಗೆ ಮಾತು ಕೊಟ್ಟುಬಿಡ್ಲಾ" ಅಂತ ಕೇಳಿದೀಯ. ದಯವಿಟ್ಟು ಆ ಮಾತೊಂದು ಕೊಡಬೇಡ.

ಇದು ಬರೀ ನನ್ನ ಅಭಿಪ್ರಾಯ ಅಲ್ಲ. 2007ರಲ್ಲಿ ಇಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಥರ್ಬರ್ ಮತ್ತು ವಾಲ್ಟನ್ ಅನ್ನೋರು ಮನೆ ನೆನಪಿನ ಸಂಕಟದ ಬಗ್ಗೆ ಬರೆದಿದ್ರು. ಅದರಲ್ಲೂ ಕರ್ಕೊಂಡು ಬರೋ ಮಾತು ಕೊಡಬೇಡಿ ಅಂತಾನೇ ಇದೆ. ಯೋಚನೆ ಮಾಡಿ ನೋಡು. ಆ ಮಾತು ಕೊಟ್ಟರೆ, "ನೀನು ಅಲ್ಲಿ ಇರೋದು ಕಷ್ಟ" ಅಂತ ಅಮ್ಮನೇ ಮೊದಲು ಹೇಳಿದ ಹಾಗಾಯ್ತು. ಎರಡನೇ ರಾತ್ರಿ ಅಳು ಬಂದಾಗ ಪಕ್ಕದ ಮಂಚದ ಹುಡುಗಿ ಹತ್ರ ಮಾತಾಡೋ ಬದಲು ನಿನ್ನ ದಾರಿ ಕಾಯ್ತಾ ಕೂತ್ಕೋತಾಳೆ. ನೀನು ಹೋಗದಿದ್ರೆ ಮಾತು ತಪ್ಪಿದ ಹಾಗೆ, ಹೋದ್ರೆ ಅವಳಿಗೆ ಆ ಜಾಗಕ್ಕೆ ಹೊಂದಿಕೊಳ್ಳೋ ಅವಕಾಶಾನೇ ಇಲ್ಲ. ಅದರ ಬದಲು ನಿಜ ಹೇಳು: "ಮನೆ ನೆನಪಾಗುತ್ತೆ ಕಣೇ, ಎಲ್ಲರಿಗೂ ಆಗುತ್ತೆ. ಆದಾಗ ನಿನ್ನ ಕ್ಯಾಬಿನ್ನಲ್ಲಿ ನಿಮ್ಮನ್ನೆಲ್ಲ ನೋಡ್ಕೊಳ್ಳೋ ಕೌನ್ಸೆಲರ್ ಹತ್ರ ಹೋಗಿ ಹೇಳು." ಹೊರಡೋಕೆ ಮುಂಚೆ ಒಂದೆರಡು ವೀಕೆಂಡು ನಮ್ಮನೇಲಿ ಬಿಡು, ಫೋನಿಲ್ಲದೆ ಇರಲಿ, ಅಲ್ಲಿಂದ ನಿಂಗೊಂದು ಕಾಗದ ಬರೀಲಿ. ಅಭ್ಯಾಸ ಆಗುತ್ತೆ.

ಚಿಕ್ಕಪ್ಪ, ಮಕ್ಕಳನ್ನ ಹೀಗೆ ಕ್ಯಾಂಪಿಗೆ ಕಳಿಸೋದೆಲ್ಲ ಈಗಿನ ಹೊಸ ಖಯಾಲಿ ಅಂದ್ರಲ್ಲ, ಹಾಗಲ್ಲ. 1861ರಲ್ಲೇ ಇಲ್ಲಿನ ಕನೆಟಿಕಟ್ ರಾಜ್ಯದಲ್ಲಿ ಫ್ರೆಡರಿಕ್ ಗನ್ ಅನ್ನೋ ಮೇಷ್ಟ್ರು ಶಾಲೆ ಹುಡುಗರನ್ನ ಸಮುದ್ರದ ದಂಡೆಗೆ ನಡೆಸಿಕೊಂಡು ಹೋಗಿ ಡೇರೆ ಹಾಕಿಸಿದ್ರು. ಅಲ್ಲಿಂದ ಬೆಳೆದ ಪದ್ಧತಿ ಇದು. ನೀವೇ ಬಿಜಾಪುರದ ಸೈನಿಕ ಶಾಲೇಲಿದ್ದಾಗ ಅಜ್ಜಿಗೆ ಇನ್‌ಲ್ಯಾಂಡ್ ಲೆಟರ್ ಬರೀತಿರ್ಲಿಲ್ವಾ? ಪುಟ್ಟಿ ಎರಡು ವಾರ ಮಾಡೋದೂ ಅದನ್ನೇ.

ಈಗ ಕಾಗದದ ವಿಷಯ, ಇದೇ ಮುಖ್ಯ. ವಿಳಾಸ ಬರೆದು ಸ್ಟಾಂಪ್ ಅಂಟಿಸಿದ ಕವರುಗಳನ್ನ ಅವಳ ಟ್ರಂಕಲ್ಲೇ ಇಡು. ಫಾರೆವರ್ ಸ್ಟಾಂಪ್ ತಗೋ, ದರ ಏರಿದ್ರೂ ನಡೆಯುತ್ತೆ. ನಿನ್ನ ಮೊದಲ ಕಾಗದ ಅವಳು ಹೊರಡೋಕೆ ಮುಂಚೇನೇ ಪೋಸ್ಟ್ ಮಾಡು, ಹೋದ ದಿನಾನೇ ಅವಳ ಕೈಗೆ ಸಿಗಲಿ. ಸುಮಾರು ಕ್ಯಾಂಪುಗಳಲ್ಲಿ ಒಮ್ಮುಖದ ಇ-ಮೇಲ್ ಇರುತ್ತೆ. ನೀನು ಬರೆದದ್ದನ್ನ ಅವರು ಪ್ರಿಂಟ್ ತೆಗೆದು ಅವಳಿಗೆ ಕೊಡ್ತಾರೆ, ಅವಳ ಉತ್ತರ ಮಾತ್ರ ಅಂಚೇಲೇ ಬರಬೇಕು.

ಏನು ಬರೀಬೇಕು ಅನ್ನೋದರಲ್ಲೇ ನಮ್ಮವರು ಎಡವೋದು. "ನೀನಿಲ್ಲದೆ ಮನೆ ಬಿಕೋ ಅಂತಿದೆ, ತಾತ ಸರಿಯಾಗಿ ಊಟಾನೇ ಮಾಡ್ತಿಲ್ಲ." ನಮ್ಮಲ್ಲಿ ಪ್ರೀತಿ ಹೇಳೋ ರೀತಿನೇ ಅದು, ನಂಗೊತ್ತು, ಅಮ್ಮ ನಂಗೂ ಹಾಗೇ ಹೇಳ್ತಿದ್ರು. ಆದರೆ ಹತ್ತು ವರ್ಷದ ಮಗು ರಾತ್ರಿ ಕ್ಯಾಬಿನ್ನಲ್ಲಿ ಟಾರ್ಚ್ ಬೆಳಕಲ್ಲಿ ಅದನ್ನ ಓದಿದ್ರೆ, ತಾತ ಉಪವಾಸ ಇರೋದು ನನ್ನಿಂದಾನೇ ಅಂತ ಕೊರಗುತ್ತೆ. ಅವಳ ಕಡೆಯದನ್ನ ಕೇಳು: ಕೆರೆ ಈಜಿನ ಪರೀಕ್ಷೆ ಆಯ್ತಾ, ಮೇಲಿನ ಮಂಚ ಸಿಕ್ತಾ ಕೆಳಗಿನದಾ, ರಾತ್ರಿ ಬೆಂಕಿ ಮುಂದೆ ಯಾರು ಕಥೆ ಹೇಳಿದ್ರು. ಮನೆ ಸುದ್ದಿ ಸಣ್ಣದಾಗಿ ಇರಲಿ. ಅವಳನ್ನ ಬಿಟ್ಟು ನೀವೆಲ್ಲಾದ್ರೂ ಸುತ್ತಾಡಿ ಬಂದಿದ್ರೆ ಅದನ್ನ ಬರೀಬೇಡ.

ಇನ್ನೊಂದು, ಇದನ್ನ ಗಟ್ಟಿಯಾಗಿ ನೆನಪಿಟ್ಕೋ. ಎರಡನೇ ದಿನ ಬರೆದ ಕಾಗದ ನಿನ್ನ ಕೈ ಸೇರೋ ಹೊತ್ತಿಗೆ ಐದಾರು ದಿನ ಆಗಿರುತ್ತೆ. "ಅಮ್ಮಾ ಬಾ, ಕರ್ಕೊಂಡು ಹೋಗು" ಅಂತ ಇರಬಹುದು ಅದರಲ್ಲಿ. ನಿಂಗೆ ಎದೆ ಒಡೆದು ಹೋಗುತ್ತೆ. ಅವಳು ಆ ಹೊತ್ತಿಗೆ ದೋಣಿ ಹುಟ್ಟು ಹಾಕ್ತಾ ಹಾಡು ಹೇಳ್ತಿರಬಹುದು. ನಮ್ಮ ಮಗ ಮೊದಲ ಸಲ ಹೋದಾಗ ಇಂಥದೇ ಕಾಗದ ಬಂತು, ಹಿಂದೇನೇ ಬಂದ ಕಾಗದದಲ್ಲಿ ಮುಂದಿನ ವರ್ಷ ನಾಲ್ಕು ವಾರ ಕಳಿಸು ಅಂತಿತ್ತು. ತಡೆಯೋಕಾಗದಿದ್ರೆ ಕ್ಯಾಂಪ್ ಆಫೀಸಿಗೆ ಫೋನ್ ಮಾಡು, ಊಟ ನಿದ್ದೆ ಹೇಗಿದೆ ಅಂತ ಕೇಳು. ಧಾರಾಳವಾಗಿ ಕೇಳು, ಅದು ನಿನ್ನ ಹಕ್ಕು. ನಿಜವಾಗಲೂ ದಿನಗಟ್ಟಲೆ ಊಟ ಬಿಟ್ಟು ನಿದ್ದೆ ಬಿಟ್ಟು ಕೂತಿದ್ರೆ ಆ ಮಾತೇ ಬೇರೆ, ಆಗ ಡೈರೆಕ್ಟರ್ ಜೊತೆ ಕೂತು ತೀರ್ಮಾನ ಮಾಡಬೇಕು. ಕಾಯಿಲೆ ಬಿದ್ರೆ ಯಾವಾಗ ಫೋನ್ ಮಾಡ್ತಾರೆ ಅಂತ ಈಗಲೇ ಕೇಳಿಟ್ಕೋ, ಎರಡು ವಾರ ನಿನ್ನ ಫೋನ್ ಸೈಲೆಂಟಲ್ಲಿ ಇಡಬೇಡ.

ದಿನಾ ಫೋಟೊಗಳನ್ನ ವೆಬ್‌ಸೈಟಿಗೆ ಹಾಕ್ತಾರೆ. ನೂರಾರು ಫೋಟೊಲಿ ಒಂದರಲ್ಲಿ ಅವಳ ಜಡೆ ಮಾತ್ರ ಕಾಣಬಹುದು, ಒಂದು ದಿನ ಅವಳೇ ಇಲ್ಲದಿರಬಹುದು. ಅದರಿಂದ ಏನೂ ಅರ್ಥ ಕಟ್ಟಬೇಡ. ರಾತ್ರಿ ಒಂದು ಸಲ ನೋಡಿ ಮುಚ್ಚಿಡು.

ಅತ್ತೆ, ಚಕ್ಲಿ ಕೋಡುಬಳೆ ಮಾಡ್ಕೊಡ್ತೀನಿ ಅಂದ್ರಿ. ಬಹಳ ಕಡೆ ತಿಂಡಿ ಕಳಿಸೋ ಹಾಗಿಲ್ಲ, ಇಲಿ ಇರುವೆ ಬರುತ್ತೆ, ಕಡಲೆಕಾಯಿ ಅಲರ್ಜಿ ಇರೋ ಮಕ್ಕಳೂ ಇರ್ತಾರೆ. ವಾಪಸ್ ಬಂದ ದಿನಕ್ಕೆ ಮಾಡಿಡಿ. ದೊಡ್ಡಮ್ಮ, ನೀವು ಹಾಸನದಿಂದ ಅಂಚೇಲಿ ಹಾಕಿದ್ರೆ ಕ್ಯಾಂಪ್ ಮುಗಿಯೋದರೊಳಗೆ ತಲುಪದೇ ಇರಬಹುದು. ಒಂದು ಹಾಳೇಲಿ ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ ಬರೆದು ಫೋಟೊ ತೆಗೆದು ನಂಗೆ ಕಳಿಸಿ, ನಾನು ಪ್ರಿಂಟ್ ಮಾಡಿ ಕವರಲ್ಲಿ ಹಾಕ್ತೀನಿ. ಭಾನುವಾರದ ಕನ್ನಡ ಕ್ಲಾಸಲ್ಲಿ ಒತ್ತಕ್ಷರದವರೆಗೂ ಬಂದಿದ್ದಾಳೆ, ಓದ್ಕೋತಾಳೆ.

ತಂಗಿ, ಕ್ಯಾಂಪಿನ ವಿಳಾಸ ಗ್ರೂಪಲ್ಲಿ ಹಾಕಬೇಡ, ಅಲ್ಲಿಯ ಫೋಟೊಗಳನ್ನೂ ಇಲ್ಲಿಗೆ ಫಾರ್ವರ್ಡ್ ಮಾಡಬೇಡ, ಬೇರೆಯವರ ಮಕ್ಕಳೂ ಇರ್ತಾರೆ ಅದರಲ್ಲಿ. ವಿಳಾಸ ನಂಗೊಬ್ಬಳಿಗೆ ಕಳಿಸು. ಸ್ಟಾಂಪ್ ನಮ್ಮನೇಲಿ ಸಾಕಷ್ಟಿದೆ, ಶನಿವಾರ ಬಂದು ತಗೊಂಡು ಹೋಗು.