ಸ್ಕೂಲ್ ಗ್ಯಾದರಿಂಗ್‌ಗೆ ಟೇಲರ್ ಸ್ವಿಫ್ಟ್‌ನ ಹಳೇ ಹಾಡು: ಯಾವುದು ಕಲಿಸಲಿ?

ಕೋಥರೂಡ್ ಅಮ್ಮ:
ಮಗಳು ಒಂಬತ್ತನೇ ಕ್ಲಾಸು. ಡಿಸೆಂಬರ್‌ನ ಗ್ಯಾದರಿಂಗ್‌ನಲ್ಲಿ (ಸ್ಕೂಲಿನ ವಾರ್ಷಿಕೋತ್ಸವ) ಗಿಟಾರ್ ಹಿಡಿದು ಒಬ್ಬಳೇ ಹಾಡಬೇಕಂತೆ. ಟೇಲರ್ ಸ್ವಿಫ್ಟ್ ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಶೈಲಿ) ಹಾಡುತ್ತಿದ್ದ ಕಾಲದ್ದೇ ಬೇಕು ಅಂತ ಹಟ. 2006ರ ಮೊದಲ ಸಿಂಗಲ್ (ಬಿಡಿಯಾಗಿ ಬಿಡುಗಡೆಯಾದ ಹಾಡು) ‘ಟಿಮ್ ಮೆಕ್‌ಗ್ರಾ’ ಹಿಡಿದಿದ್ದಾಳೆ. ಎಫ್ ಕಾರ್ಡ್ (ಒಟ್ಟಿಗೆ ಬಾರಿಸೋ ಸ್ವರಗಳ ಗುಂಪು) ಬಂದ ಕೂಡಲೇ ತಂತಿ ಸದ್ದೇ ಮಾಡಲ್ಲ, ತೋರುಬೆರಳ ತುಂಬ ಗೆರೆ. ಹಾಡು ಬದಲಿಸೋಣವೇ?

ಔಂಧ್ ಗಿಟಾರ್ ಮೇಷ್ಟ್ರು:
ಅಕ್ಕಾ, ‘ಅವರ್ ಸಾಂಗ್’ ಕಲಿಸಿ. ಈ ಹಾಡನ್ನು ಆಕೆ ಬರೆದದ್ದೇ ಒಂಬತ್ತನೇ ಕ್ಲಾಸಿನಲ್ಲಿ, ಸ್ಕೂಲಿನ ಟ್ಯಾಲೆಂಟ್ ಶೋಗಾಗಿ! ‘ಟಿಮ್ ಮೆಕ್‌ಗ್ರಾ’ ಬರೆಯುವಾಗ ಗೀತರಚನೆಕಾರ್ತಿ ಲಿಜ್ ರೋಸ್ ಜೊತೆಗಿದ್ದರು, ಇದು ಪೂರ್ತಿ ಆಕೆಯದೇ. 2007ರಲ್ಲಿ ಸಿಂಗಲ್ ಆಗಿ ಬಂದು ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಪಟ್ಟಿಯಲ್ಲಿ 6 ವಾರ ಮೊದಲ ಸ್ಥಾನದಲ್ಲಿತ್ತು. ಆಗ ಆಕೆಗೆ 18. ಅಷ್ಟು ಚಿಕ್ಕ ವಯಸ್ಸಿಗೆ ಒಬ್ಬಳೇ ಬರೆದು, ತಾನೇ ಹಾಡಿ ಆ ಜಾಗ ಹಿಡಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಡಿ, ಇ ಮೈನರ್, ಜಿ, ಎ. ಇಷ್ಟೇ ಕಾರ್ಡ್, ಬಾರ್ ಹಿಡಿಯೋ (ತೋರುಬೆರಳೊಂದರಲ್ಲೇ ಎಲ್ಲ ತಂತಿ ಒತ್ತೋ) ಗೋಜೇ ಇಲ್ಲ. ಕಷ್ಟ ಇರೋದು ಮಾತಿನಲ್ಲಿ. ಬಾಗಿಲು ಬಡಿಯೋ ಸದ್ದು, ಅಮ್ಮನಿಗೆ ಗೊತ್ತಾಗದ ಹಾಗೆ ರಾತ್ರಿ ಫೋನಿನಲ್ಲಿ ಮೆಲ್ಲಗೆ ಮಾತು, ಎಲ್ಲ ಒಂದರ ಹಿಂದೆ ಒಂದು ಓಡಿ ಬರುತ್ತೆ. ಮೊದಲು ಗಿಟಾರ್ ಪಕ್ಕಕ್ಕಿಟ್ಟು ಕಾಲಲ್ಲಿ ತಾಳ ಹಾಕುತ್ತ ಸಾಲುಗಳನ್ನು ಸುಮ್ನೆ ಹೇಳಲಿ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಲಿ.

ರೆಕಾರ್ಡಿಂಗ್‌ನಲ್ಲಿ ಬ್ಯಾಂಜೋ, ಫಿಡಲ್ ಇವೆ. ನಿಮ್ಮ ಹುಡುಗಿ ಕೈಯಲ್ಲಿ ಗಿಟಾರ್ ಒಂದೇ, ಅಲ್ವಾ? ಅದಕ್ಕೇ ಡಿ ಕಾರ್ಡ್‌ನಲ್ಲಿ ಮೊದಲು ನಾಲ್ಕನೇ ತಂತಿಯೊಂದನ್ನೇ ಮೀಟಿ, ಆಮೇಲೆ ಕೆಳಗಿನವನ್ನು ಒಟ್ಟಿಗೆ ಬಾರಿಸಲಿ. ಎ ಬಂದಾಗ ಐದನೇ ತಂತಿ, ಉಳಿದೆರಡಕ್ಕೆ ಆರನೆಯದು. ‘ಧುಮ್-ಚಕ್’ ಅಂತ ನಡೆಯುತ್ತೆ. ಕಂಟ್ರಿಯ ಜೀವ ಇರೋದೇ ಆ ನಡೆಯಲ್ಲಿ.

ಡೊಂಬಿವಲಿ ಹುಡುಗ:
ನನ್ನ ವೋಟು ‘ಟಿಮ್ ಮೆಕ್‌ಗ್ರಾ’ಗೇ. ಕಾಲೇಜಿಗೆ ಹೊರಟು ನಿಂತ ಹುಡುಗನನ್ನು ನೆನೆದು ಗಣಿತದ ಕ್ಲಾಸಿನಲ್ಲಿ ಹೊಳೆದ ಹಾಡು ಅದು. ಎಫ್ ಪೂರ್ತಿ ಬೇಡ ಆಂಟಿ, ಕೆಳಗಿನ ನಾಲ್ಕು ತಂತಿ ಹಿಡಿದರೆ ಸಾಕು.

ಕೋಥರೂಡ್ ಅಮ್ಮ:
ಇಬ್ಬರಿಗೂ ಥ್ಯಾಂಕ್ಸ್. ಒಂಬತ್ತನೇ ಕ್ಲಾಸಿನ ವಿಷಯ ಕೇಳಿದ್ದೇ ತಡ, ಇವಳು ಹಾಡು ಬದಲಿಸಿದಳು. ಆದರೆ ಶುರುವಿನ ಸಾಲುಗಳಲ್ಲಿ ದನಿ ಕೆಳಗೆ ಇಳಿಯುತ್ತಿಲ್ಲ, ಮೇಷ್ಟ್ರೇ.

ಔಂಧ್ ಗಿಟಾರ್ ಮೇಷ್ಟ್ರು:
ಎರಡನೇ ಫ್ರೆಟ್‌ಗೆ (ಗಿಟಾರ್ ಕತ್ತಿನ ಮೇಲಿನ ಅಡ್ಡಪಟ್ಟಿ) ಕಾಪೋ, ಅಂದರೆ ತಂತಿಗಳನ್ನು ಅದುಮಿ ಹಿಡಿಯೋ ಕ್ಲಿಪ್, ಹಾಕಿ. ಬೆರಳು ಹಿಡಿಯೋದು ಹಾಗೇ ಇರಲಿ, ಶ್ರುತಿ ಮಾತ್ರ ಏರುತ್ತೆ. ಸಾಲದಿದ್ದರೆ ಮೂರಕ್ಕೆ ಹೋಗಿ. ಗಂಟಲಿಗೆ ಯಾವುದು ಹಿತವೋ ಅವಳೇ ಹೇಳಲಿ.