ಗಾಂಜಾ ಚಟ ಹಿಡಿಯುತ್ತದೆಯೇ? ಬಿಟ್ಟಾಗ ಏನಾಗುತ್ತದೆ? – ಮನೋವೈದ್ಯರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಹೆಸರು ಬೇಡ ಎಂದವರು): ಸರ್, ವಯಸ್ಸು 26. ಮೂರು ವರ್ಷದಿಂದ ದಿನಾ ರಾತ್ರಿ ಸೊಪ್ಪು ಸೇದುತ್ತೇನೆ, ಈಗೀಗ ಬೆಳಿಗ್ಗೆಯೂ. ರೂಮಿನವರು ‘ಇದು ಗಿಡ, ಎಣ್ಣೆ ಥರ ಚಟ ಹಿಡಿಯಲ್ಲ’ ಅಂತಾರೆ. ಆದರೆ ಹಬ್ಬಕ್ಕೆ ಊರಿಗೆ ಹೋದರೆ ಎರಡನೇ ದಿನದಿಂದ ಸಿಡಿಮಿಡಿ, ನಿದ್ದೆ ಇಲ್ಲ, ಊಟ ಸೇರಲ್ಲ. ವಾಪಸ್ ಬಂದು ಒಂದು ಸೇದಿದರೆ ಎಲ್ಲ ಸರಿಹೋಗುತ್ತದೆ. ಇದು ಚಟವಾ, ಟೆನ್ಷನ್ನಾ?

ಮನೋವೈದ್ಯರು: ಚಟವೇ. ಊರಲ್ಲಿ ನಿಮಗೆ ಆಫೀಸಿನ ಒತ್ತಡ ಇರಲಿಲ್ಲ, ಇಲ್ಲದೇ ಇದ್ದದ್ದು ಗಾಂಜಾ ಒಂದೇ.

ಸೇದಿದವರಿಗೆಲ್ಲ ಚಟ ಹಿಡಿಯುವುದಿಲ್ಲ ಎಂಬುದು ನಿಜ. ಅಮೆರಿಕದಲ್ಲಿ 1990ರ ದಶಕದಲ್ಲಿ ನಡೆದ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ಬಳಸಿದವರ ಪೈಕಿ ಅವಲಂಬನೆಗೆ ಸಿಲುಕಿದವರು ಗಾಂಜಾದಲ್ಲಿ ಸುಮಾರು 9%, ಮದ್ಯದಲ್ಲಿ 15%, ತಂಬಾಕಿನಲ್ಲಿ 32%. ನಿಮ್ಮ ರೂಮಿನವರ ಮಾತಿಗೆ ಇರುವ ಆಧಾರ ಇಷ್ಟೇ. ಆದರೆ ಆ 9% ಲೆಕ್ಕದಲ್ಲಿ ಕಾಲೇಜಲ್ಲಿ ಎರಡು ಸಲ ಸೇದಿ ಬಿಟ್ಟವರೂ ಸೇರಿದ್ದಾರೆ. ಹದಿಹರೆಯದಲ್ಲೇ ಶುರು ಮಾಡಿದವರಲ್ಲಿ, ದಿನವೂ ಸೇದುವವರಲ್ಲಿ ಪ್ರಮಾಣ ಇದಕ್ಕಿಂತ ತುಂಬಾ ಹೆಚ್ಚು. ನಮ್ಮ ದೇಶದಲ್ಲೂ ಇದು ಸಣ್ಣ ಸಂಖ್ಯೆಯಲ್ಲ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಭಂಗಿ, ಗಾಂಜಾ, ಚರಸ್‌ನಿಂದ ತೊಂದರೆಗೆ ಸಿಲುಕಿ ನೆರವು ಬೇಕಾದವರು ಸುಮಾರು 72 ಲಕ್ಷ.

ಒಳಗೆ ನಡೆಯುವುದು ಇದು. ಗಾಂಜಾದಲ್ಲಿ ಅಮಲು ಏರಿಸುವ ಟಿಎಚ್‌ಸಿ ಎಂಬ ಅಂಶ ಮೆದುಳಿನ ಸಿಬಿ1 ಎಂಬ ಗ್ರಾಹಕಗಳಿಗೆ (ರಿಸೆಪ್ಟರ್, ಅಂದರೆ ಜೀವಕೋಶದ ಮೇಲೆ ಸಂದೇಶ ಹಿಡಿಯುವ ಜಾಗ) ಹೋಗಿ ಕೂರುತ್ತದೆ. ನಿದ್ದೆ, ಹಸಿವು, ಭಯ, ಸಮಾಧಾನ ಇವನ್ನೆಲ್ಲ ಹದದಲ್ಲಿಡುವ ವ್ಯವಸ್ಥೆ ಅದು. ದಿನವೂ ಹೊರಗಿನಿಂದ ಸುರಿದರೆ ಮೆದುಳು ಆ ಗ್ರಾಹಕಗಳನ್ನು ಕಡಿಮೆ ಮಾಡಿಕೊಳ್ಳುತ್ತದೆ. ಮೊದಲು ಎರಡು ದಮ್ಮಿಗೆ ಏರುತ್ತಿದ್ದದ್ದು ಈಗ ಇಡೀ ಜಾಯಿಂಟಿಗೂ (ಗಾಂಜಾ ಸುತ್ತಿದ ಸಿಗರೇಟಿಗೂ) ಏರದಿರಲು ಕಾರಣ ಅದೇ. ಸೇದುವುದನ್ನು ನಿಲ್ಲಿಸಿದ ದಿನ ಹೊರಗಿನದೂ ಇಲ್ಲ, ಒಳಗಿನ ವ್ಯವಸ್ಥೆಯೂ ಕುಗ್ಗಿದೆ. ಹಾಗಾಗಿ ನಿದ್ದೆ, ಹಸಿವು, ಸಮಾಧಾನ ಮೂರೂ ಒಟ್ಟಿಗೆ ಕೈಕೊಡುತ್ತವೆ.

ಕುಡಿತ ಬಿಟ್ಟವರ ಕೈನಡುಕ ಮನೆಯವರೆಲ್ಲರ ಕಣ್ಣಿಗೆ ಬೀಳುತ್ತದೆ. ಗಾಂಜಾ ಬಿಟ್ಟವರಲ್ಲಿ ಕಾಣುವುದು ಸಿಟ್ಟು, ಚಡಪಡಿಕೆ, ಬೇಸರ. ಅದನ್ನು ಮನೆಯವರು ‘ಇವನ ಸ್ವಭಾವವೇ ಹೀಗೆ’ ಅಂದುಕೊಳ್ಳುತ್ತಾರೆ. ಸೇದುವವರು ‘ನನಗೆ ಆತಂಕದ ಕಾಯಿಲೆ ಇದೆ, ಗಾಂಜಾ ಅದಕ್ಕೆ ಔಷಧಿ’ ಎಂದು ನಂಬುತ್ತಾರೆ. ನಿನ್ನೆಯ ಗಾಂಜಾ ಇಳಿದಾಗ ಹುಟ್ಟಿದ ಕಿರಿಕಿರಿಯನ್ನು ಇವತ್ತಿನ ಗಾಂಜಾ ತಣಿಸುತ್ತದೆ, ಅಷ್ಟೇ. ಈ ಒಂದು ವಿಷಯ ಗೊತ್ತಿಲ್ಲದೆ ಎಷ್ಟೋ ಜನ ವರ್ಷಗಟ್ಟಲೆ ಸೇದುತ್ತಾರೆ. ಇದೇ ನನಗೆ ತುಂಬಾ ನೋವು ಕೊಡುವ ಸಂಗತಿ.

ಪ್ರಶ್ನೆ (ಅವರೇ): ಹಾಗಾದರೆ ಬಿಟ್ಟರೆ ಎಷ್ಟು ದಿನ ಒದ್ದಾಡಬೇಕು?

ಮನೋವೈದ್ಯರು: ಲಕ್ಷಣಗಳು 24ರಿಂದ 72 ಗಂಟೆಯೊಳಗೆ ಶುರುವಾಗುತ್ತವೆ, ಮೊದಲ ವಾರದಲ್ಲೇ ಜೋರಾಗಿರುತ್ತವೆ, ಎರಡು ವಾರಕ್ಕೆ ಬಹುಪಾಲು ಇಳಿಯುತ್ತವೆ. ಮೊದಲ ವಾರ ರಾತ್ರಿ ಮೈ ಬೆವರಿ ದಿಂಬು ಒದ್ದೆಯಾಗಬಹುದು. ತಲೆನೋವು, ಹೊಟ್ಟೆ ಹಿಂಡಿದ ಹಾಗೆ, ಸಣ್ಣ ಚಳಿ ಇವೂ ಬರುತ್ತವೆ. ನಿದ್ದೆ ಮಾತ್ರ ಒಂದು ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು ಕಾಲ ಕಾಡುತ್ತದೆ. ಕಣ್ಣಿಗೆ ಕಟ್ಟಿದಂಥ ಕನಸುಗಳು ಬೀಳುತ್ತವೆ. ಗಾಂಜಾ ಕನಸಿನ ನಿದ್ದೆಯನ್ನು ಅದುಮಿಟ್ಟಿರುತ್ತದೆ, ಬಿಟ್ಟಾಗ ಅದು ಒಮ್ಮೆಲೇ ಮರಳುತ್ತದೆ. ಹೆದರಬೇಡಿ. ಮೆದುಳಿನ ಸ್ಕ್ಯಾನ್ ಅಧ್ಯಯನಗಳಲ್ಲಿ ಸಿಬಿ1 ಗ್ರಾಹಕಗಳು ಸುಮಾರು ನಾಲ್ಕು ವಾರಕ್ಕೆ ಮಾಮೂಲಿ ಮಟ್ಟಕ್ಕೆ ಹತ್ತಿರ ಬಂದದ್ದು ಕಂಡಿದೆ.

ಪ್ರಶ್ನೆ (ಇನ್ನೊಬ್ಬರು): ನಾನು ಮೂರು ಸಲ ಬಿಟ್ಟು ಮೂರು ಸಲವೂ ಶುರು ಮಾಡಿದೆ. ಸರಿಯಾದ ವಿಧಾನ ಯಾವುದು?

ಆಪ್ತಸಮಾಲೋಚಕಿ: ಇದಕ್ಕೆ ನಾನು ಉತ್ತರಿಸುತ್ತೇನೆ. ಮೊದಲು ಒಂದು ವಾರ ಬರೆದಿಡಿ: ದಿನದ ಮೊದಲ ಜಾಯಿಂಟ್ ಎಷ್ಟು ಗಂಟೆಗೆ, ಒಟ್ಟು ಎಷ್ಟು, ಯಾರ ಜೊತೆ, ಯಾಕೆ. ಬೆಳಿಗ್ಗೆ ಎದ್ದ ಕೂಡಲೇ ಸೇದುವವರಾದರೆ ಒಂದೇ ಏಟಿಗೆ ನಿಲ್ಲಿಸುವುದಕ್ಕಿಂತ ಇಳಿಸುತ್ತಾ ಹೋಗುವುದು ಸುಲಭ. ಮೊದಲ ಜಾಯಿಂಟನ್ನು ಎರಡೆರಡು ದಿನಕ್ಕೊಮ್ಮೆ ಎರಡು ಗಂಟೆ ಮುಂದೂಡುತ್ತಾ ರಾತ್ರಿಗೆ ತಳ್ಳಿ. ಆಮೇಲೆ ನಾಲ್ಕೈದು ದಿನಕ್ಕೊಮ್ಮೆ ಕಾಲು ಭಾಗ ಕಡಿಮೆ ಮಾಡಿ, ಎರಡು ಮೂರು ವಾರದಲ್ಲಿ ಪೂರ್ತಿ ನಿಲ್ಲುವ ತಾರೀಕು ಮೊದಲೇ ಗುರುತು ಹಾಕಿ. ರಾತ್ರಿ ಮಾತ್ರ ಸೇದುವವರು ನೇರವಾಗಿ ನಿಲ್ಲಿಸಬಹುದು. ಆ ತಾರೀಕಿನ ಹಿಂದಿನ ದಿನ ರೋಲಿಂಗ್ ಪೇಪರ್, ಕ್ರಶರ್, ಚಿಲುಮೆ ಎಲ್ಲ ಮನೆಯಿಂದ ಆಚೆ ಹೋಗಬೇಕು. ಮಾರುವವನ ನಂಬರ್ ಡಿಲೀಟ್ ಮಾಡಿ ಬ್ಲಾಕ್ ಮಾಡಿ. ‘ಬರೀ ಇಟ್ಟಿರುತ್ತೇನೆ’ ಅಂದವರೇ ಹೆಚ್ಚಾಗಿ ಎಡವುವುದು.

ಮೂರು ಸಲ ಎಡವಿದ್ದಕ್ಕೆ ಬಹುಶಃ ತಂಬಾಕು ಕಾರಣ. ನಮ್ಮಲ್ಲಿ ಹೆಚ್ಚಿನವರು ಸಿಗರೇಟಿನ ತಂಬಾಕು ಬೆರೆಸಿ ಸೇದುತ್ತಾರೆ. ಹಾಗಾಗಿ ಬಿಟ್ಟ ದಿನ ಎರಡು ಚಟಗಳು ಒಟ್ಟಿಗೆ ಕಾಡುತ್ತವೆ. ಗಾಂಜಾ ಬಿಟ್ಟು ಸಿಗರೇಟು ಮುಂದುವರಿಸಿದರೆ ಪ್ರತಿ ಸಿಗರೇಟೂ ಗಾಂಜಾದ ನೆನಪು ತರುತ್ತದೆ. ಎರಡನ್ನೂ ಒಟ್ಟಿಗೆ ಬಿಡಿ, 2 ಮಿಲಿಗ್ರಾಂ ನಿಕೋಟಿನ್ ಗಮ್ ಇಟ್ಟುಕೊಳ್ಳಿ. ಅದನ್ನು ಬಬಲ್ ಗಮ್ ಥರ ಒಂದೇ ಸಮ ಜಗಿದರೆ ಬಿಕ್ಕಳಿಕೆ, ಎದೆ ಉರಿ ಬರುತ್ತದೆ. ಖಾರದ ರುಚಿ ಬರುವವರೆಗೆ ನಿಧಾನ ಜಗಿದು, ಕೆನ್ನೆ ಮತ್ತು ಒಸಡಿನ ನಡುವೆ ಒತ್ತಿ ಇಟ್ಟು, ರುಚಿ ಹೋದ ಮೇಲೆ ಮತ್ತೆ ಜಗಿಯಿರಿ. ಗಮ್ ಹಾಕುವ ಹದಿನೈದು ನಿಮಿಷ ಮುಂಚೆಯಿಂದ ಕಾಫಿ ಬೇಡ.

ಆಸೆ ಅಲೆಯಂತೆ ಏರಿ 15–30 ನಿಮಿಷಕ್ಕೆ ಇಳಿಯುತ್ತದೆ. ಅಷ್ಟು ಹೊತ್ತು ಮನೆಯಿಂದ ಹೊರಬಿದ್ದು ನಡೆಯಿರಿ, ಯಾರಿಗಾದರೂ ಫೋನ್ ಮಾಡಿ. ಹೊಟ್ಟೆ ಬೇಡ ಅಂದರೂ ಗಂಜಿ, ಮೊಸರನ್ನ, ಬಾಳೆಹಣ್ಣು ಸ್ವಲ್ಪ ಸ್ವಲ್ಪ ತಿನ್ನಿ. ರಾತ್ರಿ ಎಷ್ಟೇ ಹೊತ್ತಿಗೆ ಮಲಗಿದರೂ ಬೆಳಿಗ್ಗೆ ಏಳುವ ಸಮಯ ಒಂದೇ ಇರಲಿ, ಹಗಲು ಮಲಗಬೇಡಿ.

ಮನೋವೈದ್ಯರು: ಇದಕ್ಕೆ ಎರಡು ಮಾತು ಸೇರಿಸುತ್ತೇನೆ. ನಿದ್ದೆಗೆಂದು ಮೆಡಿಕಲ್ ಶಾಪ್‌ನಿಂದ ಆಲ್‌ಪ್ರಜೊಲಾಮ್ ಥರದ ಮಾತ್ರೆ ತಂದು ನುಂಗಬೇಡಿ, ಒಂದು ಚಟ ಬಿಟ್ಟು ಅದಕ್ಕಿಂತ ಗಟ್ಟಿಯಾದ ಇನ್ನೊಂದನ್ನು ಹಚ್ಚಿಕೊಂಡ ಹಾಗಾಗುತ್ತದೆ. ಗಾಂಜಾ ಚಟಕ್ಕೆ ಇಂಥದ್ದೇ ಎಂದು ಮಾನ್ಯತೆ ಪಡೆದ ಔಷಧಿ ಇಲ್ಲ. ಮುಖ್ಯ ಚಿಕಿತ್ಸೆ ಆಪ್ತಸಮಾಲೋಚನೆ, ಔಷಧಿ ಕೊಟ್ಟರೆ ಅದು ನಿದ್ದೆ, ಆತಂಕಗಳಿಗಾಗಿ ಕೆಲವು ದಿನ ಮಾತ್ರ. ಎರಡನೆಯದು: ದಿನವೂ ಕುಡಿಯುವವರಾದರೆ ಕುಡಿತವನ್ನು ಮಾತ್ರ ಏಕಾಏಕಿ ನಿಲ್ಲಿಸಬೇಡಿ. ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯ ಆಗಬಹುದು. ವೈದ್ಯರ ಕೈಕೆಳಗೇ ಬಿಡಬೇಕು.

ಪ್ರಶ್ನೆ (ತಾಯಿ): ಮಗ ಪಿಯುಸಿ ಎರಡನೇ ವರ್ಷ. ಬ್ಯಾಗಿನಲ್ಲಿ ಸಿಕ್ಕಿತು. ಕಿಟ್ ತಂದು ಮೂತ್ರ ಪರೀಕ್ಷೆ ಮಾಡಿಸಲಾ?

ಮನೋವೈದ್ಯರು: ಈಗಲೇ ಬೇಡಮ್ಮ. ಟಿಎಚ್‌ಸಿ ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ. ದಿನಾ ಸೇದುತ್ತಿದ್ದವರು ಬಿಟ್ಟು ಮೂರು ನಾಲ್ಕು ವಾರವಾದರೂ ಮೂತ್ರದಲ್ಲಿ ಪಾಸಿಟಿವ್ ಬರಬಹುದು. ನಿಜವಾಗಿ ಬಿಟ್ಟ ಹುಡುಗನನ್ನೂ ಆ ಕಿಟ್ ಸುಳ್ಳುಗಾರನನ್ನಾಗಿ ಮಾಡುತ್ತದೆ. ಚಟವೋ ಅಲ್ಲವೋ ಎಂಬುದನ್ನಂತೂ ಅದು ಹೇಳುವುದೇ ಇಲ್ಲ. ಅದಕ್ಕೆ ಬೇರೆ ಪ್ರಶ್ನೆಗಳಿವೆ: ಅಂದುಕೊಂಡದ್ದಕ್ಕಿಂತ ಹೆಚ್ಚು ಸೇದುತ್ತಾನಾ? ಕಡಿಮೆ ಮಾಡಲು ನೋಡಿ ಆಗಲಿಲ್ಲವಾ? ಓದು, ಆಟ, ಹಳೇ ಗೆಳೆಯರು ಬಿಟ್ಟುಹೋದರಾ? ತೊಂದರೆ ಆಗುತ್ತಿದೆ ಎಂದು ಗೊತ್ತಿದ್ದೂ ಮುಂದುವರಿಸಿದ್ದಾನಾ? ಇಂಥ 11 ಅಂಶಗಳ ಪಟ್ಟಿಯಲ್ಲಿ ಒಂದು ವರ್ಷದೊಳಗೆ ಎರಡು ಮೂರು ಇದ್ದರೆ ಆರಂಭದ ಹಂತ, ಆರು ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ತೀವ್ರ.

ಇಬ್ಬರೂ ಸಮಾಧಾನವಾಗಿರುವ ಹೊತ್ತು ನೋಡಿ, ‘ಯಾವಾಗಿಂದ, ಎಷ್ಟು, ಸೇದದಿದ್ದರೆ ಏನಾಗುತ್ತದೆ’ ಅಂತ ಕೇಳಿ. ಹೊಡೆದು ಬಡಿದು ಮಾಡಿದರೆ ಸೇದುವುದು ನಿಲ್ಲುವುದಿಲ್ಲ, ನಿಮಗೆ ಹೇಳುವುದು ನಿಲ್ಲುತ್ತದೆ. ಆದರೆ ಯಾರೋ ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ, ಹಿಂಬಾಲಿಸುತ್ತಿದ್ದಾರೆ ಎಂಬ ಅನುಮಾನ, ಇಲ್ಲದ ದನಿ ಕೇಳಿಸುವುದು, ಸಾಯುವ ಮಾತು ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಕುಟುಂಬದಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾ (ಇಂಥ ಅನುಮಾನ, ಇಲ್ಲದ ದನಿಗಳು ಕಾಡುವ ಮನೋರೋಗ) ಇದ್ದರೆ ಈ ವಯಸ್ಸಿನಲ್ಲಿ ಅಪಾಯ ಇನ್ನೂ ಹೆಚ್ಚು.

ಪ್ರಶ್ನೆ: ಎರಡು ಮೂರು ತಿಂಗಳಿಗೊಮ್ಮೆ ಬೆಳಿಗ್ಗೆ ವಿಪರೀತ ವಾಂತಿ. ಎಂಡೋಸ್ಕೋಪಿ ನಾರ್ಮಲ್. ಬಿಸಿನೀರು ಸುರಿದುಕೊಂಡರೆ ಮಾತ್ರ ಆರಾಮ. ಗಾಂಜಾಗೂ ಇದಕ್ಕೂ ಸಂಬಂಧ ಇದೆಯಾ?

ಮನೋವೈದ್ಯರು: ಇರುವ ಸಾಧ್ಯತೆ ತುಂಬಾ ಇದೆ. ವರ್ಷಗಟ್ಟಲೆ ಸೇದಿದವರಲ್ಲಿ ಬರುವ ವಾಂತಿಯ ಕಾಯಿಲೆ ಇದು, 2004ರಲ್ಲಿ ಆಸ್ಟ್ರೇಲಿಯಾದ ವೈದ್ಯರು ಮೊದಲು ವರದಿ ಮಾಡಿದರು. ಬಿಸಿನೀರಿನ ಸುಳಿವು ಬಹಳ ಮುಖ್ಯ, ಹೊಟ್ಟೆಯ ಡಾಕ್ಟರಿಗೆ ಅದನ್ನೂ ಗಾಂಜಾ ವಿಷಯವನ್ನೂ ಬಾಯಿಬಿಟ್ಟು ಹೇಳಿ. ಗಾಂಜಾ ವಾಂತಿ ನಿಲ್ಲಿಸುತ್ತದೆ ಅಂತ ಇನ್ನಷ್ಟು ಸೇದಿದರೆ ಹೆಚ್ಚಾಗುತ್ತದೆ. ಪೂರ್ತಿ ಬಿಟ್ಟರೆ ಮಾತ್ರ ವಾಸಿ. ಮೂತ್ರ ಕಡಿಮೆಯಾದರೆ, ತಲೆ ಸುತ್ತಿದರೆ ಡ್ರಿಪ್ಸ್ ಬೇಕು, ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ಹೇಳುತ್ತಾರಾ?

ಆಪ್ತಸಮಾಲೋಚಕಿ: ಚಿಕಿತ್ಸೆಗೆ ಬಂದಿದ್ದೀರಿ ಅನ್ನುವ ಕಾರಣಕ್ಕೆ ಹೇಳುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಮ್ಮ ಮಾಹಿತಿಯನ್ನು ಗುಟ್ಟಾಗಿಡಬೇಕು ಎನ್ನುತ್ತದೆ. ಗಾಂಜಾ ಸೇವನೆ 1985ರ ಎನ್‌ಡಿಪಿಎಸ್ (ಮಾದಕವಸ್ತು ನಿಯಂತ್ರಣ) ಕಾಯ್ದೆಯಡಿ ಅಪರಾಧವೇ. ಆದರೆ ಅದೇ ಕಾಯ್ದೆಯ 64ಎ ಕಲಂ ಪ್ರಕಾರ, ಸೇವನೆ ಅಥವಾ ಅಲ್ಪ ಪ್ರಮಾಣದ ಕೇಸ್ ಇರುವ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಆ ಕೇಸ್‌ನಲ್ಲಿ ವಿಚಾರಣೆಯಿಂದ ವಿನಾಯಿತಿ ಸಿಗುತ್ತದೆ, ಚಿಕಿತ್ಸೆ ಪೂರ್ತಿ ಮಾಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವಿದೆ. ದೂರದವರು ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ವ್ಯಸನಮುಕ್ತಿ ಸಹಾಯವಾಣಿ 14446. ಎರಡಕ್ಕೂ ಹಣ ಕೊಡಬೇಕಿಲ್ಲ.