ಮೋರ್ ಯೋಕಾಯಿ ಓದೋಕೆ ಯಾವುದರಿಂದ ಶುರು ಮಾಡಲಿ?

ಪುಸ್ತಕಹುಳ:
ಸಂಗೀತಗಾರ ಸ್ಟ್ರಾಸ್‌ನ ಹಾಡುನಾಟಕ 'ಜಿಪ್ಸಿ ಬ್ಯಾರನ್' ಕಥೆಯ ಮೂಲ ಹಂಗೇರಿಯ ಕಾದಂಬರಿಕಾರ ಮೋರ್ ಯೋಕಾಯಿಯದು ಅಂತ ಈಗಷ್ಟೇ ಗೊತ್ತಾಯಿತು. ಬರೆದದ್ದು ರಾಶಿ ರಾಶಿ ಇದೆ. ಇಂಗ್ಲಿಷ್‌ನಲ್ಲಿ ಸಿಗುವ ಒಂದನ್ನು ಹೇಳಿ. ಆಸಾಮಿ ಹೇಗಿದ್ದ?

ನದಿದಂಡೆ:
ಕಣ್ಣುಮುಚ್ಚಿ 'ಚಿನ್ನದ ಮನುಷ್ಯ' (1872) ತಗೊಳ್ಳಿ. ಹಳೆಯ ಅನುವಾದ 'ಟಿಮಾರ್ಸ್ ಟೂ ವರ್ಲ್ಡ್ಸ್' ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನೋ ಪುಸ್ತಕ ತಾಣದಲ್ಲಿ ಪುಕ್ಕಟೆ ಇದೆ. ಡ್ಯಾನ್ಯೂಬ್ ನದಿಯಲ್ಲಿ ಗೋಧಿ ಹಡಗು ಮುಳುಗುತ್ತದೆ. ನೆನೆದ ಗೋಧಿಯನ್ನು ಕಥಾನಾಯಕ ಟಿಮಾರ್ ಹರಾಜಿನಲ್ಲಿ ಕೊಳ್ಳುತ್ತಾನೆ, ಕೆಂಪು ಅರ್ಧಚಂದ್ರದ ಗುರುತಿದ್ದ ಮೂಟೆ ಬಿಚ್ಚಿದರೆ ಒಳಗೆ ಒಡವೆ! ಅದು ಸತ್ತ ಪ್ರಯಾಣಿಕನ ಮಗಳಿಗೆ ಸೇರಬೇಕಾದದ್ದು. ಇವನು ಬಾಯಿಬಿಡದೆ ಇಟ್ಟುಕೊಂಡು, ಕೊನೆಗೆ ಅವಳನ್ನೇ ಮದುವೆಯಾಗುತ್ತಾನೆ, ವ್ಯಾಪಾರದಲ್ಲಿ ಮುಟ್ಟಿದ್ದೆಲ್ಲ ಚಿನ್ನ, ಮನೆಯಲ್ಲಿ ಮಾತ್ರ ಪ್ರೀತಿ ಇಲ್ಲ. ಆಮೇಲೆ ಯಾವ ದೇಶಕ್ಕೂ ಸೇರದ, ದುಡ್ಡೇ ನಡೆಯದ ಒಂದು ನಡುಗಡ್ಡೆ ಬರುತ್ತೆ. ಮುಂದೆ ಹೇಳಲ್ಲ. ಯೋಕಾಯಿ ಹುಟ್ಟಿದ್ದು (1825) ಡ್ಯಾನ್ಯೂಬ್ ದಂಡೆಯ ಕೊಮಾರೋಮ್‌ನಲ್ಲಿ, ಈ ಧಾನ್ಯ ವ್ಯಾಪಾರಿಗಳು ಅವನ ಊರಿನವರೇ.

ಹಳೇಕಾಗದ:
ಅವನ ಬದುಕೇ ಕಾದಂಬರಿ. 1848ರ ಮಾರ್ಚ್ 15ರಂದು ಕವಿ ಪೆಟೋಫಿ ಜೊತೆ ಪೆಸ್ಟ್‌ನಲ್ಲಿ (ಈಗ ಬುಡಾಪೆಸ್ಟ್‌ನ ಭಾಗ) ಆಸ್ಟ್ರಿಯಾದ ಆಳ್ವಿಕೆಯ ವಿರುದ್ಧದ ಕ್ರಾಂತಿಯ ಮುಂಚೂಣಿಯಲ್ಲಿದ್ದ. ಆ ರಾತ್ರಿ ನಾಟಕಶಾಲೆಯಲ್ಲಿ ನಟಿ ರೋಜಾ ಲಾಬೊರ್‌ಫಾಲ್ವಿ ಅವನ ಎದೆಗೆ ಹಂಗೇರಿಯ ತ್ರಿವರ್ಣದ ಬಿಲ್ಲೆ ಚುಚ್ಚಿದಳು. ಅದೇ ವರ್ಷ ಮದುವೆ. ಅವಳು ಇವನಿಗಿಂತ ಸುಮಾರು 8 ವರ್ಷ ದೊಡ್ಡವಳು, ತಾಯಿಗೂ ಇಷ್ಟವಿಲ್ಲ, ಪೆಟೋಫಿಗೂ ಇಷ್ಟವಿಲ್ಲ. 1849ರಲ್ಲಿ ಕ್ರಾಂತಿ ಸೋತ ಮೇಲೆ ತಾರ್ದೋನಾ ಅನ್ನೋ ಹಳ್ಳಿಯಲ್ಲಿ ಅಡಗಿಕೊಂಡ. ಕೊಮಾರೋಮ್ ಕೋಟೆಯ ಸೈನಿಕರಿಗೆ ಶರಣಾದಾಗ ಶಿಕ್ಷೆ ಇಲ್ಲ ಅನ್ನೋ ಅಭಯಪತ್ರ ಸಿಕ್ಕಿತ್ತು, ಅಂಥದ್ದೊಂದನ್ನು ಕೋಟೆಯಲ್ಲಿ ಇರದಿದ್ದ ಗಂಡನ ಹೆಸರಿಗೆ ಹೇಗೋ ಮಾಡಿಸಿ ತಂದವಳು ರೋಜಾ. ಜೀವ ಉಳಿಯಿತು, ಆದರೆ ಕೆಲಕಾಲ 'ಶಾಯೋ' ಅನ್ನೋ ಹೆಸರಲ್ಲಿ ಬರೆಯಬೇಕಾಯಿತು. ರೋಜಾ ತೀರಿಕೊಂಡ ಎಷ್ಟೋ ವರ್ಷಕ್ಕೆ, 1899ರಲ್ಲಿ, 74ರ ಯೋಕಾಯಿ ಬೆಲ್ಲಾ ನಾಗ್ಯ್ ಅನ್ನೋ ಎಳೆಯ ನಟಿಯನ್ನು ಮದುವೆಯಾದ. ಬುಡಾಪೆಸ್ಟ್‌ನವರು ಬೈದದ್ದೇ ಬೈದದ್ದು.

ತಕರಾರು:
ನನ್ನ ಓಟು ಆ 1848ರ ಕ್ರಾಂತಿಯ ಕಾಲದ ಕಾದಂಬರಿ 'ಕಲ್ಲೆದೆಯವನ ಮಕ್ಕಳು' (1869). ಸಾಯ್ತಾ ಇರೋ ಗಂಡ, ಮಕ್ಕಳೆಲ್ಲ ಆಸ್ಟ್ರಿಯಾದ ಚಕ್ರವರ್ತಿಯ ಪಕ್ಷದಲ್ಲೇ ಇರಬೇಕು ಅಂತ ಒಂದೊಂದೇ ಆಜ್ಞೆ ಹೇಳುತ್ತಾನೆ, ಹೆಂಡತಿ ಎಲ್ಲ ಬರೆದುಕೊಳ್ಳುತ್ತಾಳೆ. ಅವನ ಉಸಿರು ನಿಂತ ಮೇಲೆ ಎಲ್ಲದರ ಉಲ್ಟಾ ಮಾಡ್ತೀನಿ ಅಂತ ಶಪಥ ಮಾಡುತ್ತಾಳೆ! ಒಂದೇ ಕಿರಿಕಿರಿ: ಒಳ್ಳೆಯವರು ವಿಪರೀತ ಒಳ್ಳೆಯವರು, ಕೆಟ್ಟವರಿಗೆ ಒಂದು ಒಳ್ಳೇ ಗುಣವೂ ಇಲ್ಲ. ಟಿಮಾರ್ ಮಾತ್ರ ಹಾಗಲ್ಲ, ಅಷ್ಟು ಒಪ್ಪುತ್ತೇನೆ.

ಪುಸ್ತಕಹುಳ:
ಟಿಮಾರ್ ಡೌನ್‌ಲೋಡ್ ಮಾಡಿದೆ. 1848ರ ಇತಿಹಾಸ ಗೊತ್ತಿಲ್ಲದೆ ಎರಡನೆಯದು ಅರ್ಥ ಆಗುತ್ತಾ?

ತಕರಾರು:
ಆ ಶಪಥದ ತನಕ ಏನೂ ಬೇಡ. ಯುದ್ಧ ಶುರುವಾದಾಗ ಪಕ್ಕದಲ್ಲಿ ಒಂದು ಮ್ಯಾಪ್ ಇಟ್ಟುಕೊಳ್ಳಿ.